ಪತ್ತೇದಾರಿ ಬಿಟ್ಟರೆ ಮುಂದೇನು?

ಪ್ರಶ್ನೆ (ಔಷಧಂಗಡಿ, ಶಿವಮೊಗ್ಗ): ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಪತ್ತೇದಾರಿ ಕಾದಂಬರಿ ಓದುವುದು ನನ್ನ ಹಳೆಯ ಚಟ. ಈಗ ಮೂರನೇ ಅಧ್ಯಾಯಕ್ಕೇ ಕೊಲೆಗಾರ ಯಾರೆಂದು ಹೊಳೆದುಬಿಡುತ್ತದೆ. ಬೇರೆ ದೇಶದ, ಬೇರೆ ಬಗೆಯ ಪುಸ್ತಕಗಳನ್ನು ಹೇಳಿ. ಉಪದೇಶ ಬೇಡ, ಕಥೆ ಓಡಬೇಕು.

ಕೆರೆದಂಡೆ: ಚಿನುವ ಅಚೆಬೆಯ ‘ಥಿಂಗ್ಸ್ ಫಾಲ್ ಅಪಾರ್ಟ್’ (1958) ಹಿಡಿಯಿರಿ. ನೈಜೀರಿಯಾದ ಇಗ್ಬೊ ಜನರ ಹಳ್ಳಿಯೊಂದರ ಕಥೆ. ಅಲ್ಲಿ ಮನೆಗೆ ಬಂದವರಿಗೆ ಕೋಲಾ ಬೀಜ ಒಡೆದು ಕೊಡುತ್ತಾರೆ. ‘ನೀವೇ ಒಡೆಯಿರಿ’, ‘ಇಲ್ಲ, ನೀವೇ’ ಎಂಬ ಉಪಚಾರ ನಮ್ಮ ಜಗಲಿಗಳಲ್ಲಿ ನಡೆಯುವಂಥದ್ದೇ. ಗೆಡ್ಡೆಗಳ ಕಣಜ ಎಷ್ಟು ತುಂಬಿದೆಯೋ ಗಂಡಸಿನ ಅಂತಸ್ತು ಅಷ್ಟು. ಆಫ್ರಿಕಾ ಎಂದರೆ ಬರೀ ಕಾಡು, ಸಿಂಹ ಎಂದುಕೊಂಡವರಿಗೆ ನಾನು ಮೊದಲು ಕೊಡುವುದು ಇದನ್ನೇ.

ಹಳೆಪುಸ್ತಕ: ಮೊದಲಿಗೇ ಅಷ್ಟು ಗಂಭೀರವಾದದ್ದು ಯಾಕೆ ಸ್ವಾಮಿ? ‘ಪ್ಯಾಪಿಲಾನ್’ ಕನ್ನಡದಲ್ಲೇ ಇದೆ, ಪ್ರದೀಪ ಕೆಂಜಿಗೆ ಮತ್ತು ತೇಜಸ್ವಿಯವರ ಅನುವಾದ. ಫ್ರೆಂಚ್ ಗಯಾನಾದ ಸೆರೆಯಿಂದ ತಪ್ಪಿಸಿಕೊಳ್ಳುವವನ ಕಥೆ. ಅದರಲ್ಲಿ ನಿಜವೆಷ್ಟು, ಕಟ್ಟಿದ್ದೆಷ್ಟು ಎಂಬ ತಕರಾರು ಹಳೆಯದು. ಓದುವಾಗ ಅದು ತಲೆಗೆ ಬರುವುದಿಲ್ಲ.

ಔಷಧಂಗಡಿ: ಹಾಗಾದರೆ ಸೆರೆಮನೆಯಿಂದಲೇ ಶುರು ಮಾಡುತ್ತೇನೆ. ಅಚೆಬೆಯಲ್ಲಿ ಕೊಲೆ ಇದೆಯೇ?

ಕೆರೆದಂಡೆ: ಇದೆ. ಕೊಂದವನನ್ನು ಹುಡುಕುವ ಕೆಲಸವಿಲ್ಲ, ಕಣ್ಣೆದುರೇ ನಡೆಯುತ್ತದೆ. ಹುಡುಗ ‘ಅಪ್ಪಾ’ ಎಂದು ಓಡಿ ಬಂದಾಗಲೂ ಕಥಾನಾಯಕ ಕತ್ತಿ ಎತ್ತಿದ್ದೇಕೆ ಎಂಬುದನ್ನು ನೀವು ಪತ್ತೆ ಮಾಡಬೇಕು. ಇಂಗ್ಲಿಷ್ ಸರಳವಾಗಿದೆ, ಪುಸ್ತಕವೂ ದಪ್ಪವಿಲ್ಲ.