ಸ್ಕೋರು ಮೊಬೈಲ್‌ನಲ್ಲೇ ಸಿಗುವಾಗ ನಾನೇನು ಬರೆಯಲಿ?

ಪ್ರಶ್ನೆ: ನಾನು ತೋರಣಗಲ್ಲಿನವನು. 12 ವರ್ಷದಿಂದ ಪತ್ರಿಕೆಗೆ ಆಟದ ಸುದ್ದಿ ಕಳಿಸುತ್ತಿದ್ದೇನೆ. ಮೊದಲು ರಾತ್ರಿ ಫೋನಿನಲ್ಲಿ ಸ್ಕೋರು ಹೇಳಿದರೆ ಬೆಳಿಗ್ಗೆ ನಾಲ್ಕು ಸಾಲು ಬರುತ್ತಿತ್ತು. ಈಗ ಕಬಡ್ಡಿ ಪಂದ್ಯ ಮುಗಿಯುವ ಮೊದಲೇ ಹುಡುಗರ ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಎಲ್ಲಾ ಇರುತ್ತದೆ. ತುಂಬಾ ಬೇಜಾರಾಗುತ್ತದೆ.

ಉತ್ತರ (ರಾಯಚೂರು): ಸ್ಕೋರು ಬಿಡಿ ಅಣ್ಣ. 2023ರಲ್ಲಿ ಜಿಯೋಸಿನಿಮಾ ಐಪಿಎಲ್ ಅನ್ನು ಕನ್ನಡ ಕಾಮೆಂಟರಿ ಜೊತೆ ಪುಕ್ಕಟೆ ತೋರಿಸಿತು. ನಮ್ಮ ಹಳ್ಳಿ ಆಟ ತೋರಿಸುವವರು ಯಾರು?

ಉತ್ತರ (ಕೊಪ್ಪಳ): ನಿಮ್ಮ ಪಕ್ಕದಲ್ಲೇ ನೀರಜ್ ಚೋಪ್ರಾ ತರಬೇತಿ ಪಡೆದ ಇನ್‌ಸ್ಪೈರ್ ಸಂಸ್ಥೆ ಇದೆ, ಅಲ್ವಾ? 2021ರ ಟೋಕಿಯೋ ಚಿನ್ನ ಎಲ್ಲರೂ ನೋಡಿದರು. ದಿನದ ಬೆವರು ನೋಡಿದವರು ಕಡಿಮೆ. ಅದನ್ನು ಬರೆಯಿರಿ.

ಪ್ರಶ್ನೆ ಕೇಳಿದವರು: ಸರಿ. ಹೋದ ಭಾನುವಾರ ಒಬ್ಬ ರೈಡರ್ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡೇ ಆಡಿದ. ನಾಳೆ ಅವನ ಮನೆಗೆ ಹೋಗುತ್ತೇನೆ.