ಎಲ್‌ಬಿಡಬ್ಲ್ಯು: ಪ್ಯಾಡಿಗೆ ಬಡಿದರೂ ಔಟ್ ಏಕಲ್ಲ?

ಪ್ರಶ್ನೆ:
ನಾನು ಕ್ರಿಕೆಟ್ ನೋಡಲು ಈಚೆಗಷ್ಟೇ ಆರಂಭಿಸಿದ್ದೇನೆ. ಬೌಲ್ಡ್, ಕ್ಯಾಚ್, ರನೌಟ್ ಅರ್ಥವಾಗುತ್ತವೆ. ಆದರೆ ಚೆಂಡು ಪ್ಯಾಡಿಗೆ ಬಡಿದಾಗ ಅಂಪೈರ್ ಒಮ್ಮೆ ಬೆರಳೆತ್ತುತ್ತಾರೆ, ಇನ್ನೊಮ್ಮೆ ನಿರಾಕರಿಸುತ್ತಾರೆ. ಇದಕ್ಕೆ ಆಧಾರವೇನು?

ಉತ್ತರ 1:
ಇದು ಎಲ್‌ಬಿಡಬ್ಲ್ಯು, ಅಂದರೆ ‘ಲೆಗ್ ಬಿಫೋರ್ ವಿಕೆಟ್’ (ವಿಕೆಟ್‌ಗೆ ಅಡ್ಡ ಬಂದ ಕಾಲು). ಕಾಲು ಅಡ್ಡ ಬರದಿದ್ದರೆ ಚೆಂಡು ಸ್ಟಂಪಿಗೆ ತಾಗುತ್ತಿತ್ತೇ ಎಂಬುದೇ ಮೂಲ ಪ್ರಶ್ನೆ. ಆದರೆ ಅದಕ್ಕೂ ಮೊದಲು ಅಂಪೈರ್ ಬೇರೆ ಸಂಗತಿಗಳನ್ನು ನೋಡಬೇಕು: ಎಸೆತ ನೋಬಾಲ್ (ನಿಯಮಬಾಹಿರ ಎಸೆತ) ಆಗಿರಬಾರದು, ಚೆಂಡು ಮೊದಲು ಬ್ಯಾಟಿಗೆ ತಾಗಿರಬಾರದು, ಲೆಗ್ ಸ್ಟಂಪಿನ (ಬ್ಯಾಟರ್‌ನ ಕಾಲುಗಳ ಬದಿಯ ಸ್ಟಂಪ್) ಹೊರಗೆ ನೆಲಕ್ಕೆ ಬಿದ್ದಿರಬಾರದು. ಹೊಸಬರು ಎಡವುವುದು ಈ ಕೊನೆಯದರಲ್ಲಿಯೇ. ಲೆಗ್‌ಸ್ಪಿನ್ನರ್ ಎಸೆದ ಚೆಂಡು ಬಲಗೈ ಬ್ಯಾಟರ್‌ನ ಲೆಗ್ ಸ್ಟಂಪಿನ ಹೊರಗೆ ಬಿದ್ದು, ಒಳಕ್ಕೆ ತಿರುಗಿ, ನಡುವಿನ ಸ್ಟಂಪಿನ ನೇರಕ್ಕೆ ಪ್ಯಾಡಿಗೆ ಬಡಿದರೂ ಅದು ಔಟಲ್ಲ.

ಉತ್ತರ 2:
ಮೇಲಿನ ವಿವರಣೆಗೆ ಒಂದು ಸೇರ್ಪಡೆ. ಚೆಂಡು ಆಫ್ ಸ್ಟಂಪಿನ (ಲೆಗ್ ಸ್ಟಂಪಿನ ಎದುರು ಬದಿಯ ಸ್ಟಂಪ್) ಹೊರಗೆ ಕಾಲಿಗೆ ಬಡಿದಾಗ, ಬ್ಯಾಟರ್ ಹೊಡೆಯಲು ನಿಜವಾಗಿಯೂ ಯತ್ನಿಸಿದ್ದರೆ ಔಟ್ ಇಲ್ಲ. ಬ್ಯಾಟನ್ನು ಎತ್ತಿ ಹಿಡಿದು ಚೆಂಡನ್ನು ಬಿಟ್ಟಿದ್ದರೆ, ಅದು ಸ್ಟಂಪಿಗೆ ತಾಗುವಂತಿದ್ದಲ್ಲಿ, ಔಟ್ ಕೊಡಬಹುದು. ಬ್ಯಾಟನ್ನು ಬಳಸದೆ ಕಾಲಿನಿಂದಲೇ ವಿಕೆಟ್ ಕಾಯುವುದನ್ನು ತಡೆಯುವ ಈ ನಿಯಮ ನನ್ನ ದೃಷ್ಟಿಯಲ್ಲಿ ತುಂಬ ನ್ಯಾಯಯುತವಾದದ್ದು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಹಾಗಾದರೆ ಅಂಪೈರ್ ತೀರ್ಪಿನ ಮರುಪರಿಶೀಲನೆಯನ್ನು ತಂಡ ಕೇಳಿದಾಗ, ಪರದೆಯಲ್ಲಿ ಚೆಂಡು ಸ್ಟಂಪಿಗೆ ತಾಗುವಂತೆ ಕಂಡರೂ ‘ಅಂಪೈರ್ಸ್ ಕಾಲ್’ ಎನ್ನುವುದೇಕೆ?

ಉತ್ತರ 1:
ಚೆಂಡಿನ ಮುಂದಿನ ಹಾದಿ ಕೇವಲ ಅಂದಾಜು. ಚೆಂಡಿನ ಅರ್ಧಕ್ಕಿಂತ ಕಡಿಮೆ ಭಾಗ ಮಾತ್ರ ಸ್ಟಂಪಿಗೆ ತಾಗುವಂತಿದ್ದರೆ, ಮೈದಾನದ ಅಂಪೈರ್ ಮೊದಲು ಕೊಟ್ಟ ತೀರ್ಪೇ ಉಳಿಯುತ್ತದೆ. ಮರುಪರಿಶೀಲನೆ ಕೇಳಿದ ತಂಡವೂ ಆ ಅವಕಾಶವನ್ನು ಕಳೆದುಕೊಳ್ಳುವುದಿಲ್ಲ.