ಹೊಸಾ ಪಿಸಿ ತಾನೇ ರೀಸ್ಟಾರ್ಟ್ ಆಗ್ಲಿಕತ್ತದ, ಏನ್ ಮಾಡ್ಲಿ?

ಬಿಸಿಲೂರ_ಹುಡ್ಗ: ಕಲಬುರಗಿಯಾಗ ಮನ್ಯಾಗೇ ಪಿಸಿ ಜೋಡ್ಸೀನ್ರಿ, 8 ಜಿಬಿದು ಎರಡು ರ್‍ಯಾಮ್ ಹಾಕೀನಿ, ಗೇಮ್ ಹಚ್ಚಿದ್ರ ಹತ್ತ್ ನಿಮಿಷಕ್ಕ ಬ್ಲೂ ಸ್ಕ್ರೀನ್, ಒಮ್ಮೊಮ್ಮೆ ಸುಮ್ನ ಬಿಟ್ರೂ ರೀಸ್ಟಾರ್ಟ್, ವಿಂಡೋಸ್ ಎರಡ್ ಸಲ ಹಾಕ್ದೆ ಆದ್ರೂ ಅದೇ ರಗಳೆ.

ತೊಗರಿಕಣಜ: ಈ ಬಿಸಿಲಾಗ ಪಿಸಿ ಏನ್ರಿ, ಮನಷ್ಯಾರೇ ರೀಸ್ಟಾರ್ಟ್ ಆಗ್ತಾರ 😄 ಸಿಪಿಯು ಟೆಂಪರೇಚರ್ ಎಷ್ಟದ? ಕೂಲರ್ ತಳದ ಪ್ಲಾಸ್ಟಿಕ್ ತಗದೀರಿಲ್ಲೋ?

ಬಿಸಿಲೂರ_ಹುಡ್ಗ: ತಗದೀನ್ರಿ, 70 ಡಿಗ್ರಿ ದಾಟಂಗಿಲ್ಲ.

ಹಳೇ_ಬೋರ್ಡು: ಹಂಗಾದ್ರ ರ್‍ಯಾಮ್ ಮ್ಯಾಲೇ ಡೌಟು. ಬಯೋಸ್‌ನಾಗ (ಪಿಸಿ ಚಾಲೂ ಆಗೋವಾಗ ತೆರಿಯೋ ಸೆಟ್ಟಿಂಗ್ಸ್) ಎಕ್ಸ್‌ಎಂಪಿ, ಅಂದ್ರ ರ್‍ಯಾಮ್ ಸ್ಪೀಡ್ ಏರ್ಸೋ ಸೆಟ್ಟಿಂಗ್, ಆಫ್ ಮಾಡಿ, ಒಂದೊಂದೇ ಸ್ಟಿಕ್ ಹಾಕಿ ರಾತ್ರಿಯೆಲ್ಲ ಮೆಮ್‌ಟೆಸ್ಟ್86 (ರ್‍ಯಾಮ್ ಚೆಕ್ ಮಾಡೋ ಸಾಫ್ಟ್‌ವೇರ್) ಓಡಸ್ರಿ, ಒಂದೇ ಸ್ಟಿಕ್ ಬ್ಯಾರೆ ಸ್ಲಾಟ್‌ನಾಗೂ ಎರರ್ ಕೊಟ್ರ ಅದು ಕೆಟ್ಟದ ಅಂತ ತಿಳ್ಕೊರಿ. ಎರಡೂ ಪಾಸ್ ಆದ್ರ ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡೋ ಡಬ್ಬಿ) ಬದ್ಲಿ ಹಾಕಿ ನೋಡ್ರಿ, ಮನಿ ಅರ್ಥಿಂಗೂ ಒಮ್ಮೆ ಚೆಕ್ ಮಾಡಸ್ರಿ.

ಬಿಸಿಲೂರ_ಹುಡ್ಗ: ಅಣ್ಣಾರ, ಒಂದ್ ಸ್ಟಿಕ್ಕಿಗೆ 37 ಎರರ್ ಬಂದಾವ್ರಿ! ಬಿಲ್ ಹಿಡ್ಕೊಂಡು ನಾಳೆ ನಮ್ಮೂರ ಸೂಪರ್ ಮಾರ್ಕೆಟ್ ಏರಿಯಾದ ಅಂಗಡಿ ಕಡಿ ಹೊಂಟೀನಿ.